ಸಿ.ಡಿ. ಇಲ್ಲದೆ ಹಳೆ ಲ್ಯಾಪ್‌ಟಾಪ್ ಫ್ಯಾಕ್ಟರಿ ರೀಸೆಟ್: ಎಫ್11 ಒತ್ತುವ ಮೊದಲು ಇದನ್ನು ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಕೊಡಲಾಗಿದೆ.)

ಇವತ್ತಿನ ಸಂಚಿಕೆಗೆ ಕಾರಣ ಮಂಗಳೂರಿನ ದೇರೆಬೈಲ್‌ನಿಂದ ಬಂದ ಒಂದು ವಾಯ್ಸ್ ಮೆಸೇಜ್. ಕಳಿಸಿದವರು ಪದವಿ ಓದುತ್ತಿರುವ ಹುಡುಗಿ, ಹೆಸರು ಹೇಳ್ಬೇಡಿ ಅಂದಿದ್ದಾರೆ. ಅವರ ಮಾತಲ್ಲೇ ಕೇಳಿ: "ಅಣ್ಣಾ, ನಮ್ಮ ಮನೆಯಲ್ಲಿ 2012ರ ಲ್ಯಾಪ್‌ಟಾಪ್ ಒಂದುಂಟು, ಅಕ್ಕನದ್ದು. ಆನ್ ಆಗ್ಲಿಕ್ಕೇ ಹತ್ತು ನಿಮಿಷ ಬೇಕು. ಹೊಸತು ತೆಗಿಲಿಕ್ಕೆ ಈಗ ಆಗುದಿಲ್ಲ, ಇದನ್ನೇ ಕ್ಲೀನ್ ಮಾಡಿ ತಮ್ಮನಿಗೆ ಕೊಡುವ ಅಂತ. ಅಂಗಡಿಯಲ್ಲಿ ರಿಕವರಿ ಸಿ.ಡಿ. ತನ್ನಿ ಅಂದ್ರು. ನಮಗೆ ಸಿ.ಡಿ. ಯಾರೂ ಕೊಡ್ಲೇ ಇಲ್ಲ. ಎಫ್11 ಒತ್ತಿದ್ರೆ ಆಗ್ತದೆ ಅಂತ ಯೂಟ್ಯೂಬಲ್ಲಿ ನೋಡಿದೆ. ಅಜ್ಜನ ತಾಳಮದ್ದಳೆ ರೆಕಾರ್ಡಿಂಗ್ ಎಲ್ಲ ಡಿ ಡ್ರೈವಲ್ಲಿ ಉಂಟು, ಅದಕ್ಕೆ ಎಂತ ಆಗುದಿಲ್ಲ ಅಲ್ವಾ?"

ಅಜ್ಜ ಈಗಿಲ್ಲ. ಆ ರೆಕಾರ್ಡಿಂಗ್ ಬೇರೆ ಎಲ್ಲೂ ಇಲ್ಲ. ಹಾಗಾಗಿ ಮೊದಲು ಕಳಿಸಿದ ಉತ್ತರ ಒಂದೇ ಸಾಲು: ಸದ್ಯಕ್ಕೆ ಎಂತದೂ ಒತ್ಬೇಡಿ.

ಯಾಕೆ ಅಂತ ಹೇಳ್ತೇನೆ. ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಒಂದು ಲೆಕ್ಕ ಉಂಟು: ಸಿ ಡ್ರೈವ್ ಅಂದ್ರೆ ವಿಂಡೋಸ್, ಡಿ ಡ್ರೈವ್ ಅಂದ್ರೆ ನಮ್ಮ ಕಪಾಟು. ಫಾರ್ಮ್ಯಾಟ್ ಆಗುವುದು ಸಿ ಮಾತ್ರ, ಡಿ ಸೇಫ್. ಅಂಗಡಿಯವರು ಕೂತು ಕೈಯಿಂದ ಸಿ ಡ್ರೈವ್ ಒಂದನ್ನೇ ಅಳಿಸಿ ವಿಂಡೋಸ್ ಹಾಕುವಾಗ ಈ ಲೆಕ್ಕ ಸರಿ. ಆದರೆ ಕಂಪನಿಯವರು ಕೊಟ್ಟ 'ಫ್ಯಾಕ್ಟರಿ ರಿಸ್ಟೋರ್' ಬೇರೆ ಸಂಗತಿ. ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಹೊರಬಂದ ದಿನ ಡಿಸ್ಕ್ ಹೇಗೆ ಭಾಗ ಆಗಿತ್ತೋ ಹಾಗೆಯೇ ಮಾಡುವುದು ಅದರ ಕೆಲಸ. ಆ ದಿನ ನಿಮ್ಮ ಡಿ ಡ್ರೈವ್ ಇರಲೇ ಇಲ್ಲ ಅಂತಾದರೆ, ರಿಸ್ಟೋರ್ ಆದ ಮೇಲೂ ಇರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಸಿ ಮಾತ್ರ ಅಳಿಸುವ ಆಯ್ಕೆ ಕೊಡುತ್ತಾರೆ, ಕೆಲವದರಲ್ಲಿ ಇಲ್ಲ. ಪರದೆ ಮೇಲೆ ಬರುವ ಎಚ್ಚರಿಕೆಯನ್ನು ನಾವು ಓದುವುದೂ ಇಲ್ಲ, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿಕೊಂಡು ಹೋಗುವುದು.

ಸಿ.ಡಿ. ಎಲ್ಲಿ ಹೋಯಿತು?

ಅಂಗಡಿಯವರು ಸಿ.ಡಿ. ಕೇಳಿದ್ದು ತಪ್ಪಲ್ಲ, ಕಾಲ ಹಳೆಯದು ಅಷ್ಟೆ. ಒಂದು ಕಾಲದಲ್ಲಿ ಲ್ಯಾಪ್‌ಟಾಪ್ ಜೊತೆ ಪೆಟ್ಟಿಗೆಯಲ್ಲೇ ರಿಕವರಿ ಡಿಸ್ಕ್ ಬರ್ತಿತ್ತು. ಆಮೇಲೆ ಕಂಪನಿಗಳು ಆ ಖರ್ಚು ಉಳಿಸಿದವು. ಡಿಸ್ಕ್‌ನಲ್ಲಿ ಇರಬೇಕಾದ್ದನ್ನೆಲ್ಲ ಹಾರ್ಡ್‌ಡಿಸ್ಕ್‌ನ ಒಂದು ಮೂಲೆಯಲ್ಲಿ, ಕಣ್ಣಿಗೆ ಕಾಣದ ಒಂದು ಪಾರ್ಟಿಶನ್‌ನಲ್ಲಿ ಅಡಗಿಸಿಟ್ಟವು. "ಬೇಕಿದ್ದರೆ ನೀವೇ ಖಾಲಿ ಡಿ.ವಿ.ಡಿ. ತಂದು ಬರೆದಿಟ್ಟುಕೊಳ್ಳಿ" ಅಂತ ಮೊದಲ ಕೆಲವು ದಿನ ಪರದೆ ಮೇಲೆ ಒಂದು ಕಿಟಕಿ ಬರ್ತಿತ್ತು. ನೆನಪುಂಟಾ? ನಾವೆಲ್ಲ ಅದನ್ನು ಕ್ಯಾನ್ಸಲ್ ಮಾಡಿದವರೇ.

ಅಂದ್ರೆ ಸಿ.ಡಿ. ಇಲ್ಲದಿದ್ದರೂ ಅದರೊಳಗಿನ ಸಾಮಾನು ನಿಮ್ಮ ಲ್ಯಾಪ್‌ಟಾಪ್‌ನ ಒಳಗೇ ಇರಬಹುದು. ಇದೆಯಾ ಇಲ್ಲವಾ ಅಂತ ನೋಡುವುದು ಎರಡು ನಿಮಿಷದ ಕೆಲಸ. ವಿಂಡೋಸ್ 7 ಆದರೆ ಸ್ಟಾರ್ಟ್ ಮೆನುವಿನಲ್ಲಿ 'ಕಂಪ್ಯೂಟರ್' ಮೇಲೆ ರೈಟ್ ಕ್ಲಿಕ್ ಮಾಡಿ, 'ಮ್ಯಾನೇಜ್' ಒತ್ತಿ, ಎಡಗಡೆ 'ಡಿಸ್ಕ್ ಮ್ಯಾನೇಜ್‌ಮೆಂಟ್'. ವಿಂಡೋಸ್ 8.1 ಅಥವಾ 10 ಆದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅಲ್ಲೇ ಸಿಗ್ತದೆ. ಕೆಳಗಡೆ ನಿಮ್ಮ ಡಿಸ್ಕ್ ಬಾಕ್ಸ್ ಬಾಕ್ಸ್ ಆಗಿ ಕಾಣ್ತದೆ. ಅದರಲ್ಲಿ 'ರಿಕವರಿ' ಅಥವಾ 'ಒಇಎಂ' ಅಂತ ಬರೆದ ಒಂದು ಬಾಕ್ಸ್ ಹುಡುಕಿ. ಅದರ ಗಾತ್ರ ನೋಡುವುದು ಮುಖ್ಯ. 10ರಿಂದ 20 ಜಿಬಿ ಇದ್ದರೆ ಕಂಪನಿಯ ಫ್ಯಾಕ್ಟರಿ ಇಮೇಜ್ ಅಲ್ಲಿ ಕೂತಿದೆ ಅಂತ ಆಸೆ ಇಟ್ಟುಕೊಳ್ಳಬಹುದು. ಬರೀ 500 ಎಂಬಿ ಅಥವಾ ಅದರ ಆಚೆ ಈಚೆ ಇದ್ದರೆ ಅದು ವಿಂಡೋಸ್‌ನ ರಿಪೇರಿ ಸಲಕರಣೆ ಮಾತ್ರ, ಫ್ಯಾಕ್ಟರಿ ಇಮೇಜ್ ಅಷ್ಟು ಸಣ್ಣ ಜಾಗದಲ್ಲಿ ಹಿಡಿಸುವುದಿಲ್ಲ. 'ರಿಕವರಿ ಪಾರ್ಟಿಶನ್ ಉಂಟು, ಆದ್ರೂ ವರ್ಕ್ ಆಗ್ತಿಲ್ಲ' ಅನ್ನುವವರಲ್ಲಿ ಹಲವರು ನೋಡಿರುವುದು ಈ ಸಣ್ಣ ಬಾಕ್ಸನ್ನೇ.

ಇನ್ನೊಂದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಪಾರ್ಟಿಶನ್ ಅಡಗಿ ಕೂತಿರುವುದಿಲ್ಲ, 'ರಿಕವರಿ' ಅನ್ನುವ ಹೆಸರಲ್ಲಿ ಡಿ ಅಥವಾ ಇ ಡ್ರೈವ್ ಆಗಿ ಎದುರಿಗೇ ಕಾಣ್ತದೆ. ಜಾಗ ಸಾಲದೆ ಬಂದಾಗ "ಇದೆಂತ ಸುಮ್ನೆ ತುಂಬಿದೆ" ಅಂತ ಅದನ್ನೇ ಡಿಲೀಟ್ ಮಾಡಿದವರಿದ್ದಾರೆ. ಮೊದಲೊಮ್ಮೆ ಹೊರಗೆ ಫಾರ್ಮ್ಯಾಟ್ ಮಾಡಿಸಿದ್ದರೂ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದರೂ ಪಾರ್ಟಿಶನ್ ಹೋಗಿರುವ ಸಾಧ್ಯತೆ ಹೆಚ್ಚು.

ದೇರೆಬೈಲ್‌ನ ಲ್ಯಾಪ್‌ಟಾಪ್‌ನಲ್ಲಿ ಪಾರ್ಟಿಶನ್ ಇತ್ತು. ಸ್ಕ್ರೀನ್ ಫೋಟೊ ಕಳಿಸಿದ್ರು, ದೊಡ್ಡ ಬಾಕ್ಸೇ.

ಮೊದಲು ಸಾಮಾನು ಹೊರಗೆ

ಕಾಪಿ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಎಂತದನ್ನು ಕಾಪಿ ಮಾಡಬೇಕು ಅನ್ನುವುದರಲ್ಲಿ ತಪ್ಪು ಆಗ್ತದೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಇವೆಲ್ಲ ಸಿ ಡ್ರೈವ್‌ನಲ್ಲೇ ಇರುವುದು. ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳು ಅಕೌಂಟ್‌ಗೆ ಸಿಂಕ್ ಆಗಿವೆಯಾ ನೋಡಿ. ಮನೆಯಲ್ಲಿ ಯಾರಾದರೂ ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೀತಿದ್ದರೆ ಡೇಟಾ ಫೋಲ್ಡರ್ ಕಾಪಿ ಮಾಡುವುದರ ಜೊತೆಗೆ, ಫಾರ್ಮ್ಯಾಟ್ ಮಾಡುವ ಮೊದಲು ಲೈಸೆನ್ಸನ್ನು ಟ್ಯಾಲಿಯ ಒಳಗಿಂದಲೇ 'ಸರೆಂಡರ್' ಮಾಡ್ಬೇಕು. ಇಲ್ಲದಿದ್ದರೆ ಆಮೇಲೆ ಹೊಸದಾಗಿ ಆಕ್ಟಿವೇಟ್ ಮಾಡುವಾಗ ಕಿರಿಕಿರಿ.

ಕನ್ನಡದಲ್ಲಿ ಬರೆದ ಹಳೆ ಫೈಲ್‌ಗಳ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. 2012ರ ಹೊತ್ತಿಗೆ ನಮ್ಮ ಮನೆಗಳಲ್ಲಿ, ಸಂಘದ ಆಫೀಸುಗಳಲ್ಲಿ ಟೈಪ್ ಮಾಡಿದ್ದೆಲ್ಲ ನುಡಿ ಅಥವಾ ಬರಹ ತಂತ್ರಾಂಶದಲ್ಲಿ. ಹೆಚ್ಚಿನವು ಯುನಿಕೋಡ್ ಅಲ್ಲ. ಕಂಪ್ಯೂಟರ್‌ನ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಹಾಕಿದ್ದಕ್ಕೆ ಕನ್ನಡವಾಗಿ ಕಾಣ್ತವೆ. ರೀಸೆಟ್ ಆದ ಮೇಲೆ ಫಾಂಟ್ ಇರುವುದಿಲ್ಲ. ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. "ಫೈಲ್ ಕರಪ್ಟ್ ಆಗಿದೆ" ಅಂತ ಎಸೆದುಬಿಡುವವರಿದ್ದಾರೆ. ಎಸೀಬೇಡಿ. ಹಳೆ ವಿಂಡೋಸ್ ಇರುವಾಗಲೇ ಫಾಂಟ್ ಫೈಲ್‌ಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ, ಮುಖ್ಯ ಫೈಲ್‌ಗಳನ್ನು ಪರಿವರ್ತಕ ತಂತ್ರಾಂಶದಲ್ಲಿ ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿ. ಅಂದ ಹಾಗೆ, ನುಡಿಯಲ್ಲಿ ನಾವು ಒತ್ತುವ ಆ ಕೀಲಿಮಣೆಯ ಮೂಲ ವಿನ್ಯಾಸ ಮಾಡಿದ ಕೆ.ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಹೆಸರಿನ 'ಕೆ' ಅದೇ ಊರು.

ವಿಂಡೋಸ್ ತೆರೆಯುವುದೇ ಇಲ್ಲ ಅಂತಾದರೆ? ಆಗಲೂ ಫೈಲ್ ಹೊರಗೆ ತೆಗೆಯಬಹುದು, ಮತ್ತೆ ಇದಕ್ಕೆ ಇನ್ನೊಂದು ಕಂಪ್ಯೂಟರ್ ಬೇಕು ಅಂತಲೂ ಇಲ್ಲ, ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಸಾಕು. ಲಿನಕ್ಸ್ ಮಿಂಟ್‌ನ ಐಎಸ್‌ಒ ಫೈಲನ್ನು ಫೋನ್‌ಗೆ ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಒಟಿಜಿ ಕನೆಕ್ಟರ್‌ನಲ್ಲಿ ಒಂದು 8 ಜಿಬಿ ಪೆನ್‌ಡ್ರೈವ್ ಸಿಕ್ಕಿಸಿ. 'ಎಚ್‌ಡ್ರಾಯ್ಡ್' ಅನ್ನುವ ಉಚಿತ ಆ್ಯಪ್ ಆ ಫೈಲನ್ನು ಪೆನ್‌ಡ್ರೈವ್‌ಗೆ ಬೂಟ್ ಆಗುವ ಹಾಗೆ ಬರೆದು ಕೊಡ್ತದೆ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗ್ತದೆ, ಖಾಲಿಯದ್ದನ್ನೇ ಹಾಕಿ. ಆಮೇಲೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತುವುದು: ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಬಯಾಸ್‌ಗೆ ಹೋಗಿ ಬೂಟ್ ಮೆನು ಆನ್ ಮಾಡ್ಬೇಕು. ಮಿಂಟ್ ಇನ್‌ಸ್ಟಾಲ್ ಆಗದೆ ಪೆನ್‌ಡ್ರೈವ್‌ನಿಂದಲೇ ಓಡ್ತದೆ. ಅದರಲ್ಲಿ ನಿಮ್ಮ ಸಿ, ಡಿ ಎಲ್ಲ ಫೋಲ್ಡರ್‌ಗಳಾಗಿ ಕಾಣ್ತವೆ. ಇನ್ನೊಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ, ಕಾಪಿ ಮಾಡಿ. ಡೆಸ್ಕ್‌ಟಾಪ್ ಮೇಲಿರುವ 'ಇನ್‌ಸ್ಟಾಲ್' ಐಕಾನ್ ಮಾತ್ರ ಈಗ ಮುಟ್ಬೇಡಿ.

ಕಾಪಿ ಮಾಡುವಾಗ ಡಿಸ್ಕ್ ಒಳಗಿಂದ ಟಿಕ್ ಟಿಕ್ ಶಬ್ದ ಬಂದರೆ, ಒಂದೊಂದು ಫೈಲ್‌ಗೆ ನಿಮಿಷಗಟ್ಟಲೆ ನಿಂತರೆ, ಅಲ್ಲಿಗೆ ನಿಲ್ಲಿಸಿ. ಹಾರ್ಡ್‌ಡಿಸ್ಕ್ ಹೋಗ್ತಾ ಉಂಟು ಅಂತ ಅರ್ಥ. ಆನ್ ಆಗ್ಲಿಕ್ಕೆ ಹತ್ತು ನಿಮಿಷ ಬೇಕಾಗುವ ಲ್ಯಾಪ್‌ಟಾಪ್‌ನ ರೋಗ ಎಷ್ಟೋ ಸಲ ಇದೇ ಆಗಿರ್ತದೆ, ಅದಕ್ಕೆ ರೀಸೆಟ್ ಮದ್ದಲ್ಲ. ಅಂಥ ಡಿಸ್ಕ್ ಮೇಲೆ ರಿಸ್ಟೋರ್ ಶುರು ಮಾಡಿದರೆ ಅರ್ಧಕ್ಕೆ ನಿಲ್ತದೆ, ಇದ್ದದ್ದೂ ಹೋಗ್ತದೆ. ಮೊದಲು ಬೇಕಾದ ಫೈಲ್ ಉಳಿಸಿಕೊಂಡು, ಎಸ್‌ಎಸ್‌ಡಿ ಹಾಕಿಸಿ ಮುಂದುವರಿಯುವುದು ಒಳ್ಳೇದು. ಹಳೆ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವುದಾದರೆ ಮೊದಲು ಹಾಕಬೇಕಾದ್ದೂ ಅದಕ್ಕೇ.

ಯಾವ ಕೀ ಒತ್ತಬೇಕು?

ಈಗ ಎಲ್ಲರೂ ಕಾಯ್ತಿದ್ದ ಭಾಗ. ವಿಂಡೋಸ್ 7 ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಕೀ. ಎಚ್‌ಪಿ ಮತ್ತು ಕಾಂಪ್ಯಾಕ್‌ಗೆ ಎಫ್11. ಏಸರ್‌ಗೆ ಆಲ್ಟ್ ಮತ್ತು ಎಫ್10 ಒಟ್ಟಿಗೆ. ಏಸರ್‌ನಲ್ಲಿ ಎಂತದೂ ಆಗದಿದ್ದರೆ ಬಯಾಸ್‌ಗೆ ಹೋಗಿ 'ಡಿ2ಡಿ ರಿಕವರಿ' ಅನ್ನುವುದು ಎನೇಬಲ್ ಆಗಿದೆಯಾ ನೋಡಿ, ಅದು ಆಫ್ ಇದ್ದರೆ ಕೀ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಏಸಸ್‌ಗೆ ಎಫ್9. ಡೆಲ್‌ನಲ್ಲಿ ಎಫ್8 ಒತ್ತಿ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಿದರೆ ಒಳಗೆ ಫ್ಯಾಕ್ಟರಿ ಇಮೇಜ್ ಆಯ್ಕೆ ಇರ್ತದೆ. ಲೆನೊವೊದ ಐಡಿಯಾಪ್ಯಾಡ್‌ಗಳಲ್ಲಿ ಕೀ ಅಲ್ಲ, ಪವರ್ ಬಟನ್ ಹತ್ತಿರವೋ ಬದಿಯಲ್ಲೋ ಒಂದು ಪುಟ್ಟ ಗುಂಡಿ ಉಂಟು, ಬಾಣ ತಿರುಗಿದ ಹಾಗಿನ ಚಿಹ್ನೆ ಇರ್ತದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಇರುವಾಗ ಅದನ್ನು ಒತ್ತುವುದು. ತೋಷಿಬಾದಲ್ಲಿ ಸೊನ್ನೆ ಅಂಕಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡುವುದು. ಸ್ಯಾಮ್‌ಸಂಗ್‌ಗೆ ಎಫ್4, ಸೋನಿ ವಾಯೋಗೆ ಎಫ್10 ಅಥವಾ 'ಅಸಿಸ್ಟ್' ಅಂತ ಬರೆದ ಬಟನ್.

ಒತ್ತುವ ಸಮಯ ಮುಖ್ಯ. ಪವರ್ ಒತ್ತಿದ ತಕ್ಷಣ, ಕಂಪನಿಯ ಲೋಗೊ ಬರುವಾಗಲೇ, ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇರಿ. ವಿಂಡೋಸ್ ಲೋಗೊ ಬಂತು ಅಂದ್ರೆ ಬಸ್ಸು ಹೋಯಿತು, ಇನ್ನೊಮ್ಮೆ ಶಟ್‌ಡೌನ್ ಮಾಡಿ ಶುರು ಮಾಡ್ಬೇಕು.

ಪಾರ್ಟಿಶನ್ ಇದ್ದೂ ಕೀ ಕೆಲಸ ಮಾಡದಿರುವುದು ಉಂಟು. ಯಾರೋ ಹೊಸ ವಿಂಡೋಸ್ ಹಾಕುವಾಗ ಡಿಸ್ಕ್‌ನ ಆರಂಭದಲ್ಲಿರುವ ಬೂಟ್ ದಾಖಲೆ ಬದಲಾಗಿರ್ತದೆ. ಮನೆ ಅಲ್ಲೇ ಇದೆ, ದಾರಿ ತೋರಿಸುವ ಬೋರ್ಡ್ ಕಿತ್ತು ಹೋಗಿದೆ ಅಷ್ಟೆ. ಹಳೆ ಮಾದರಿಯ ಡಿಸ್ಕ್‌ಗಳಲ್ಲಿ ಆ ರಿಕವರಿ ಪಾರ್ಟಿಶನನ್ನು 'ಆಕ್ಟಿವ್' ಮಾಡಿ ಅದರಿಂದಲೇ ಬೂಟ್ ಮಾಡಿಸಬಹುದು. ಇದು ತಪ್ಪಿದರೆ ಲ್ಯಾಪ್‌ಟಾಪ್ ಬೂಟ್ ಆಗದೆ ನಿಲ್ತದೆ, ಹಾಗಾಗಿ ಅನುಭವ ಇಲ್ಲದವರು ಪ್ರಯೋಗ ಮಾಡ್ಬೇಡಿ. ಆದರೆ ಅಂಗಡಿಗೆ ಹೋದಾಗ "ಸಿ.ಡಿ. ಇಲ್ಲ" ಅನ್ನುವ ಬದಲು "ರಿಕವರಿ ಪಾರ್ಟಿಶನ್ ಉಂಟು, ಅದನ್ನು ಆಕ್ಟಿವ್ ಮಾಡಿ ಬೂಟ್ ಮಾಡಿಸ್ಲಿಕ್ಕೆ ಆಗ್ತದಾ?" ಅಂತ ಕೇಳಿ. ಕೆಲಸ ಗೊತ್ತಿದ್ದವರು ಹೂಂ ಅಂತಾರೆ.

ವಿಂಡೋಸ್ 8 ಬಂದದ್ದು 2012ರ ಅಕ್ಟೋಬರ್‌ನಲ್ಲಿ, 10 ಬಂದದ್ದು 2015ರ ಜುಲೈನಲ್ಲಿ. ಇವುಗಳಲ್ಲಿ ಕೆಲಸ ಸುಲಭ, ಮೊಬೈಲ್ ರೀಸೆಟ್ ಮಾಡಿದ ಹಾಗೆಯೇ. ಲಾಗಿನ್ ಪರದೆಯಲ್ಲಿರುವ ಪವರ್ ಚಿಹ್ನೆ ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆ ಬರ್ತದೆ. 'ಟ್ರಬಲ್‌ಶೂಟ್', ಆಮೇಲೆ ವಿಂಡೋಸ್ 10ರಲ್ಲಿ 'ರೀಸೆಟ್ ದಿಸ್ ಪಿಸಿ'. ಅಲ್ಲಿ ಎರಡು ದಾರಿ: ನನ್ನ ಫೈಲ್ ಇಟ್ಟುಕೋ, ಎಲ್ಲ ತೆಗೆದುಹಾಕು. ಮೊದಲನೆಯದರಲ್ಲಿಯೂ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗ್ತವೆ. 2020ರ ನಂತರದ ವಿಂಡೋಸ್ 10 ಆವೃತ್ತಿಗಳಲ್ಲಿ 'ಕ್ಲೌಡ್ ಡೌನ್‌ಲೋಡ್' ಅಂತ ಒಂದು ಆಯ್ಕೆ ಕೇಳ್ತದೆ. ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್ ಫೈಲ್‌ಗಳೇ ಹಾಳಾಗಿರಬಹುದು ಅನ್ನಿಸಿದರೆ ಇದೇ ಒಳ್ಳೇದು, ಆದರೆ ಸುಮಾರು 4 ಜಿಬಿ ಡೇಟಾ ತಿನ್ನುತ್ತದೆ. ದಿನದ ಡೇಟಾ ಪ್ಯಾಕ್ ನಂಬಿಕೊಂಡು ಹಾಟ್‌ಸ್ಪಾಟ್ ಹಾಕಿದರೆ ಅರ್ಧದಲ್ಲಿ ಕೂರಬೇಕಾಗ್ತದೆ.

ಪಾರ್ಟಿಶನ್ ಇಲ್ಲ, ರೀಸೆಟ್ ಕೂಡ "ರಿಕವರಿ ಎನ್ವಿರಾನ್‌ಮೆಂಟ್ ಸಿಗ್ತಿಲ್ಲ" ಅಂತದೆ. ಆಗ ಕಂಪನಿಯ ಇಮೇಜ್ ಮರೆತುಬಿಡಿ, ಶುದ್ಧ ವಿಂಡೋಸ್ ಹಾಕಿ. ಇದಕ್ಕೆ ದುಡ್ಡು ಕೊಟ್ಟು ಹೊಸ ಲೈಸೆನ್ಸ್ ತಗೋಬೇಕಾಗಿಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಕೊಂಡಾಗಲೇ ಆ ದುಡ್ಡು ಕೊಟ್ಟಾಗಿದೆ. ವಿಂಡೋಸ್ 8ರಿಂದ ಈಚೆಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಪ್ರಾಡಕ್ಟ್ ಕೀ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಬರೆದಿರ್ತದೆ, ಇನ್‌ಸ್ಟಾಲರ್ ತಾನೇ ಓದಿಕೊಳ್ತದೆ. ಒಮ್ಮೆ ಸರಿಯಾಗಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದ ಯಂತ್ರವಾದರೆ ಮೈಕ್ರೋಸಾಫ್ಟ್ ಆ ಯಂತ್ರದ ಗುರುತನ್ನೇ ನೆನಪಿಟ್ಟಿರ್ತದೆ. ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಅಂತ ಒತ್ತಿ ಮುಂದೆ ಹೋದರೆ, ಇಂಟರ್ನೆಟ್ ಸಿಕ್ಕಿದ ಮೇಲೆ ತಾನಾಗಿ ಆಕ್ಟಿವೇಟ್ ಆಗ್ತದೆ. ಇಲ್ಲಿ ಎಡವುವುದು ಒಂದೇ ಕಡೆ: ಹಿಂದೆ ಯಾವ ಎಡಿಶನ್ ಇತ್ತೋ ಅದನ್ನೇ ಆರಿಸಬೇಕು. ನಮ್ಮ ದೇಶದಲ್ಲಿ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು 'ಹೋಮ್ ಸಿಂಗಲ್ ಲ್ಯಾಂಗ್ವೇಜ್'. ಆಸೆಗೆ 'ಪ್ರೊ' ಆರಿಸಿದಿರೋ, ಆಕ್ಟಿವೇಟ್ ಆಗುವುದಿಲ್ಲ. ಈಗ ಯಾವುದಿದೆ ಅಂತ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ಮೊದಲೇ ನೋಡಿ ಫೋಟೊ ತೆಗೆದಿಡಿ.

ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವನ್ನು ಮೈಕ್ರೋಸಾಫ್ಟ್‌ನ ಜಾಲತಾಣದಲ್ಲಿ ಸಿಗುವ 'ಮೀಡಿಯಾ ಕ್ರಿಯೇಶನ್ ಟೂಲ್'ನಿಂದ, ಯಾರದ್ದಾದರೂ ವಿಂಡೋಸ್ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಬಹುದು. 8 ಜಿಬಿ ಸಾಕು. ಹೊಸ ವಿಂಡೋಸ್ ಬಂದ ಮೇಲೆ ವೈಫೈ ಚಿಹ್ನೆಯೇ ಕಾಣದಿದ್ದರೆ ಹೆದರ್ಬೇಡಿ, ಡ್ರೈವರ್ ಬಂದಿಲ್ಲ ಅಷ್ಟೆ. ನಿಮ್ಮ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಸಿಕ್ಕಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ವಿಂಡೋಸ್ 10 ಅದನ್ನು ತಕ್ಷಣ ನೆಟ್‌ವರ್ಕ್ ಅಂತ ಗುರುತಿಸಿ ಉಳಿದ ಡ್ರೈವರ್‌ಗಳನ್ನು ತಾನೇ ಎಳೆದುಕೊಳ್ತದೆ.

"ಕ್ರ್ಯಾಕ್ ವರ್ಶನ್ ಹಾಕಿ ಕೊಡ್ತೇವೆ" ಅನ್ನುವ ಜಾಗದಿಂದ ಮಾತ್ರ ವಾಪಸ್ ಬನ್ನಿ. ಅಸಲಿ ಲೈಸೆನ್ಸ್ ಯಂತ್ರದೊಳಗೇ ಇರುವಾಗ ಕ್ರ್ಯಾಕ್ ಹಾಕುವುದು ಅಂದ್ರೆ ಮನೆ ಬೀಗದ ಕೀ ಕಿಸೆಯಲ್ಲಿ ಇಟ್ಟುಕೊಂಡು ಹಂಚು ತೆಗೆದು ಇಳಿದ ಹಾಗೆ. ಆಕ್ಟಿವೇಟ್ ಮಾಡುವ ಆ ಪುಟಾಣಿ ಪ್ರೋಗ್ರಾಂ ಓಡಬೇಕಾದರೆ ಆ್ಯಂಟಿವೈರಸ್ ಆಫ್ ಮಾಡಿಸ್ತದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಆಮೇಲೆ ಅಪ್ಪನ ನೆಟ್‌ಬ್ಯಾಂಕಿಂಗ್ ತೆರೆಯುವುದು ನೀವೇ.

ಫ್ಯಾಕ್ಟರಿ ಅಂದ್ರೆ ಯಾವ ವರ್ಷದ ಫ್ಯಾಕ್ಟರಿ?

ದೇರೆಬೈಲ್ ಹುಡುಗಿಯ ಲ್ಯಾಪ್‌ಟಾಪ್‌ಗೆ ಬರುವ. ಕೀ ಇತ್ತು, ಪಾರ್ಟಿಶನ್ ಇತ್ತು, ರೆಕಾರ್ಡಿಂಗ್‌ಗಳನ್ನು ಎರಡು ಕಡೆ ಕಾಪಿ ಮಾಡಿಯೂ ಆಯ್ತು. ಈಗ ಎಫ್11 ಒತ್ತಬಹುದಾ? ಒತ್ತಬಹುದು. ಆದರೆ ಒತ್ತಿದರೆ ಬರುವುದು 2012ರ ವಿಂಡೋಸ್ 7.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. 8.1ಕ್ಕೆ 2023ರ ಜನವರಿ 10ಕ್ಕೆ. ಕ್ರೋಮ್ ಬ್ರೌಸರ್ ಈ ಎರಡಕ್ಕೂ 109ನೇ ಆವೃತ್ತಿಗೇ ಕೊನೆ ಹಾಡಿದೆ. ಅಂದ್ರೆ ಕಷ್ಟಪಟ್ಟು ರಿಸ್ಟೋರ್ ಮಾಡಿ, ಹೊಸ ಲ್ಯಾಪ್‌ಟಾಪ್‌ನ ಹಾಗೆ ಹೊಳೆಯುವ ಡೆಸ್ಕ್‌ಟಾಪ್ ನೋಡಿ ಖುಷಿಪಟ್ಟ ಮೇಲೆ, ಇಂಟರ್ನೆಟ್‌ಗೆ ಹೋಗ್ಲಿಕ್ಕೆ ಸುರಕ್ಷಿತ ದಾರಿ ಇಲ್ಲ. ಹಳೆ ಕೀ ಬಳಸಿ ವಿಂಡೋಸ್ 10ಕ್ಕೆ ಪುಕ್ಕಟೆ ಹತ್ತುವ ಒಂದು ಕಳ್ಳದಾರಿ ವರ್ಷಗಟ್ಟಲೆ ತೆರೆದೇ ಇತ್ತು, 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನೂ ಮುಚ್ಚಿತು. ಮತ್ತೆ ವಿಂಡೋಸ್ 10ರ ಮಾಮೂಲಿ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಅಂತ ಗಡುವು ಕೊಟ್ಟಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2012ರ ಯಂತ್ರಕ್ಕೆ ಅದು ಸಿಗದ ದ್ರಾಕ್ಷಿ.

2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸರ್ಕಾರ ಉಚಿತ ಲ್ಯಾಪ್‌ಟಾಪ್ ಕೊಟ್ಟಿತ್ತಲ್ಲ, ಅವೂ ಈಗ ತಮ್ಮಂದಿರ, ತಂಗಿಯರ ಕೈಗೆ ದಾಟುವ ವಯಸ್ಸಿಗೆ ಬಂದಿವೆ. ದೇರೆಬೈಲ್‌ನ ಬ್ಲೂಬೆರಿ ಹಿಲ್ಸ್‌ನಲ್ಲಿ ಟೆಕ್ ಪಾರ್ಕ್ ಬರ್ತದೆ ಅಂತ ಸುದ್ದಿ ಓದ್ತೇವೆ, ಪಕ್ಕದ ಕೊಟ್ಟಾರಕ್ಕೆ ಇನ್ಫೋಸಿಸ್ ಬಂದು ದಶಕಗಳೇ ಆದವು. ಅದೇ ರಸ್ತೆಯ ಮನೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಇಂಥ ಕೈದಾಟಿದ ಲ್ಯಾಪ್‌ಟಾಪ್‌ಗಳಲ್ಲೇ. ಹಾಗಾಗಿ 'ವಿಂಡೋಸ್ ಹೋಯಿತು, ಗುಜರಿಗೆ ಹಾಕಿ' ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ.

ನಾನು ಹೇಳಿದ್ದು ಇದು: ಎಫ್11 ಬಿಡಿ, ಆ ರಿಕವರಿ ಪಾರ್ಟಿಶನನ್ನು ಮುಟ್ಟದೆ ಹಾಗೇ ಇಟ್ಟು, ಉಳಿದ ಜಾಗಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 4 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಓಡ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು, ಉಚಿತ. ತಮ್ಮನಿಗೆ ಬೇಕಾದ್ದು ಪೈಥಾನ್, ಬ್ರೌಸರ್, ಯೂಟ್ಯೂಬ್ ಪಾಠ, ಪ್ರಾಜೆಕ್ಟ್ ಬರೀಲಿಕ್ಕೆ ಲಿಬ್ರೆಆಫೀಸ್. ಎಲ್ಲ ಸಿಗ್ತದೆ. ಕನ್ನಡ ಟೈಪ್ ಮಾಡ್ಲಿಕ್ಕೆ 'ಕಗಪ' ಕೀಲಿಮಣೆ ಅದರಲ್ಲೇ ಉಂಟು, ಬೇರೆ ಹಾಕಬೇಕಾಗಿಲ್ಲ. ತಮ್ಮ ಕಾಮರ್ಸ್ ಆಗಿದ್ದು ಮನೆಯಲ್ಲಿ ಟ್ಯಾಲಿ ಅಭ್ಯಾಸ ಮಾಡಬೇಕು ಅಂತಿದ್ದರೆ ನಾನು ಬೇರೆ ಹೇಳ್ತಿದ್ದೆ, ಟ್ಯಾಲಿ ಬೇಕಾದವರಿಗೆ ವಿಂಡೋಸೇ ಸರಿ.

"ಲಿನಕ್ಸ್ ಎಲ್ಲ ನಮಗೆ ಕಷ್ಟ ಅಲ್ವಾ ಅಣ್ಣಾ?" ಅಂತ ಕೇಳಿದ್ರು. ಮಂಗಳೂರಿನಿಂದ ತಲಪಾಡಿ ಗಡಿ ದಾಟಿ ಕಾಸರಗೋಡಿಗೆ ಹೋಗಿ ನೋಡಿ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಯ ಹೈಸ್ಕೂಲ್ ಮಕ್ಕಳು ಐಟಿ ಪಾಠ ಕಲಿಯುವುದೇ ಲಿನಕ್ಸ್‌ನಲ್ಲಿ, ಪ್ರಾಯೋಗಿಕ ಪರೀಕ್ಷೆ ಬರೆಯುವುದೂ ಅದರಲ್ಲೇ. ಕೇರಳ ಸರ್ಕಾರದ 'ಕೈಟ್' ಸಂಸ್ಥೆ ಶಾಲೆಗಳಿಗೆಂದೇ ತನ್ನ ಲಿನಕ್ಸ್ ಆವೃತ್ತಿ ಮಾಡಿಕೊಟ್ಟಿದೆ. ಹತ್ತನೇ ಕ್ಲಾಸಿನ ಹುಡುಗರು ಮಾಡುವುದನ್ನು ಪದವಿಯವರು ಮಾಡ್ಲಿಕ್ಕೆ ಆಗುದಿಲ್ವಾ?

ಮಳೆ, ಕರೆಂಟು, ಗಡಿಯಾರ

ರೀಸೆಟ್ ಯಾವುದೇ ಇರಲಿ, ಹಳೆ ಹಾರ್ಡ್‌ಡಿಸ್ಕ್‌ನಲ್ಲಿ ಒಂದರಿಂದ ಮೂರು ಗಂಟೆ ಹಿಡಿಯಬಹುದು. ಇಷ್ಟು ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಇದ್ದೂ ಇಲ್ಲದ ಹಾಗೆ. ನಡುವೆ ಕರೆಂಟು ಹೋಯಿತೋ, ಹಳೆ ವಿಂಡೋಸೂ ಇಲ್ಲ ಹೊಸತೂ ಇಲ್ಲ. ಆಟಿ ತಿಂಗಳ ಮಳೆಗೆ ಸಂಜೆ ಹೊತ್ತು ಈ ಕೆಲಸಕ್ಕೆ ಕೈಹಾಕ್ಬೇಡಿ. ಮೆಸ್ಕಾಂ ಲೈನ್ ಮೇಲೆ ಯಾವ ಮರದ ಗೆಲ್ಲು ಬೀಳ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪ್ಲಗ್‌ಗೆ ಹಾಕಿ. ಇಲ್ಲದಿದ್ದರೆ ಬಿಸಿಲಿರುವ ದಿನ, ಬೆಳಿಗ್ಗೆ ಶುರು ಮಾಡಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದು ಬೂಷ್ಟು ಹಿಡಿದ ಲ್ಯಾಪ್‌ಟಾಪ್ ಆದರೆ ಮೊದಲು ಒಣಗಿದ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ ಒಂದೆರಡು ದಿನ ಇಟ್ಟು, ಆಮೇಲೆ ಚಾರ್ಜರ್ ಹಾಕಿ.

ಎಲ್ಲ ಮುಗಿದು ಬ್ರೌಸರ್ ತೆರೆದರೆ ಪ್ರತಿ ಪುಟವೂ "ಕನೆಕ್ಷನ್ ಸುರಕ್ಷಿತವಲ್ಲ" ಅಂತ ಹೇಳಿದರೆ ವೈರಸ್ ಅಂದ್ಕೊಳ್ಬೇಡಿ, ಮೂಲೆಯಲ್ಲಿರುವ ತಾರೀಕು ನೋಡಿ. ಮದರ್‌ಬೋರ್ಡ್ ಮೇಲೆ ಗಡಿಯಾರಕ್ಕೆ ಅಂತ ನಾಣ್ಯದ ಹಾಗಿನ ಒಂದು ಸೆಲ್ ಇರ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಆನ್ ಮಾಡುವಾಗ ಲ್ಯಾಪ್‌ಟಾಪ್ ಯಾವುದೋ ಹಳೆ ವರ್ಷಕ್ಕೆ ಹೋಗಿ ಕೂರ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರ ತಾರೀಕಿನ ಮೇಲೆ ನಿಂತಿರುವುದರಿಂದ ಎಲ್ಲವೂ ತಪ್ಪಾಗಿ ಕಾಣ್ತದೆ. ಸೆಲ್ ಬದಲಿಸುವುದು ಸಣ್ಣ ಖರ್ಚು.

ಲ್ಯಾಪ್‌ಟಾಪ್ ಮನೆಯೊಳಗೆ ದಾಟಿಸದೆ ಹೊರಗಿನವರಿಗೆ ಮಾರುವುದಾದರೆ ಮಾಮೂಲಿ ರೀಸೆಟ್ ಸಾಲದು. ಅಳಿಸಿದ ಫೋಟೊಗಳನ್ನು ಹಾರ್ಡ್‌ಡಿಸ್ಕ್‌ನಿಂದ ಮತ್ತೆ ಎತ್ತುವ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದೆ. ವಿಂಡೋಸ್ 10ರ ರೀಸೆಟ್‌ನಲ್ಲಿ 'ಎಲ್ಲ ತೆಗೆದುಹಾಕು' ಆರಿಸಿದ ಮೇಲೆ ಸೆಟ್ಟಿಂಗ್ ಬದಲಿಸಿ 'ಕ್ಲೀನ್ ಡೇಟಾ' ಆನ್ ಮಾಡಿ. ಗಂಟೆಗಟ್ಟಲೆ ಹೆಚ್ಚು ಹಿಡಿದರೂ ಪರವಾಗಿಲ್ಲ, ರಾತ್ರಿ ಬಿಟ್ಟು ಮಲಗಿ.

ವಿಂಡೋಸ್ 10 ಹಾಕಿಕೊಂಡವರು ಇದೇ ವಾರ ಒಂದು 16 ಜಿಬಿ ಪೆನ್‌ಡ್ರೈವ್ ತನ್ನಿ. ಸರ್ಚ್‌ನಲ್ಲಿ 'ಕ್ರಿಯೇಟ್ ಎ ರಿಕವರಿ ಡ್ರೈವ್' ಅಂತ ಹುಡುಕಿ, ಸಿಸ್ಟಂ ಫೈಲ್ ಸೇರಿಸುವ ಚೌಕಕ್ಕೆ ಗುರುತು ಹಾಕಿ ಬಿಡಿ, ಊಟ ಮುಗಿಸಿ ಬರುವಾಗ ಆಗಿರ್ತದೆ. ಅದರ ಮೇಲೆ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಬರೆದು ಒಂದು ಚೀಟಿ ಅಂಟಿಸಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಯಾರಾದರೂ ಅದಕ್ಕೆ ಸಿನಿಮಾ ತುಂಬಿಸಿರ್ತಾರೆ.